ಸ್ವಿಚ್ಚಿನಲ್ಲೇ ಡಿಎಚ್‌ಸಿಪಿ ಹಾಕಿದ ಮೇಲೆ ಕೆಲವಕ್ಕೆ 169.254 ಬರುತ್ತಿದೆ, ಏನು ತಪ್ಪಾಗಿದೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಶಿರಸಿ ಯಾರ್ಡಿನ ಅಡಿಕೆ ವಖಾರಿಗೆ 24 ಪೋರ್ಟಿನ ಸೆಕೆಂಡ್ ಹ್ಯಾಂಡ್ ಸಿಸ್ಕೊ ಕ್ಯಾಟಲಿಸ್ಟ್ 3560 ತಂದಿದ್ದೀರಿ. ಆಫೀಸಿಗೆ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) 10, ಕ್ಯಾಮೆರಾಗಳಿಗೆ 20, ಟೆಂಡರಿಗೆ ಬರುವ ರೈತರ ವೈಫೈಗೆ 30 ಎಂದು ಮಾಡಿ, ಮೂರಕ್ಕೂ ಡಿಎಚ್‌ಸಿಪಿ (ಐಪಿ ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ಪೂಲ್, ಅಂದರೆ ಹಂಚಲು ಇಟ್ಟ ವಿಳಾಸಗಳ ಗುಂಪು, ಬರೆದಿದ್ದೀರಿ. 10ರಲ್ಲಿ ವಿಳಾಸ ಬರುತ್ತದೆ, 30ರಲ್ಲಿ ಯಾರಿಗೂ ಬರುವುದಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ 169.254 ಎಂದು ಶುರುವಾಗುವ ವಿಳಾಸ ತೋರಿಸುತ್ತದೆ. ಕರೆಂಟು ಹೋಗಿ ಬಂದರೆ ಐಪಿ ಕಾನ್‌ಫ್ಲಿಕ್ಟ್ (ಎರಡು ಯಂತ್ರಕ್ಕೆ ಒಂದೇ ವಿಳಾಸ). ಈ ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಒಂದೊಂದಾಗಿಯೇ ನೋಡಬೇಕು.

ಕಮಾಂಡುಗಳನ್ನು ಕನ್ನಡ ಕೀಬೋರ್ಡಿನಲ್ಲೇ, ಉಚ್ಚಾರದಂತೆ ಬರೆದಿದ್ದೇನೆ. ಸ್ವಿಚ್ಚಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು; ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ, ಜಾಗ ಬಿಟ್ಟಲ್ಲಿ ಜಾಗ. ಕೆಲಸ ಮಾಡುವಾಗ ಟೆಲ್ನೆಟ್ ಬೇಡ, ಕನ್ಸೋಲ್ ಕೇಬಲ್ಲೇ ಹಾಕಿಕೊಳ್ಳಿ (9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್). ವಿಲ್ಯಾನ್ ಬದಲಾಯಿಸುವ ಹೊತ್ತಿಗೆ ನೆಟ್‌ವರ್ಕ್ ಮೂಲಕ ಒಳಗೆ ಕೂತಿದ್ದರೆ, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ.

ಮೊದಲು 30ರ ವಿಷಯ. ಪೂಲಿಗೆ ನೀವು ಇಟ್ಟ ಹೆಸರಿಗೂ ವಿಲ್ಯಾನಿಗೂ ಸಂಬಂಧವೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ. 'ವಿಲ್ಯಾನ್30' ಎಂದು ಹೆಸರಿಟ್ಟ ಮಾತ್ರಕ್ಕೆ ಆ ಪೂಲ್ ವಿಲ್ಯಾನ್ 30ಕ್ಕೆ ಅಂಟಿಕೊಳ್ಳುವುದಿಲ್ಲ. ಮೊಬೈಲು 'ನನಗೊಂದು ವಿಳಾಸ ಕೊಡಿ' ಎಂದು ಡಿಸ್ಕವರ್ ಪ್ಯಾಕೆಟ್ ಕಳಿಸಿದಾಗ ಅದು ಯಾವ ವಿಲ್ಯಾನ್ ಇಂಟರ್‌ಫೇಸಿಗೆ (ಆ ವಿಲ್ಯಾನಿನಲ್ಲಿ ಸ್ವಿಚ್ಚಿನದೇ ಬಾಗಿಲಿಗೆ) ಬಂತು, ಆ ಇಂಟರ್‌ಫೇಸಿನ ಐಪಿ ಏನು ಎಂದು ಸ್ವಿಚ್ ನೋಡುತ್ತದೆ. ಆ ಐಪಿ ಯಾವ ಪೂಲಿನ ನೆಟ್‌ವರ್ಕಿನೊಳಗೆ ಬೀಳುತ್ತದೋ ಆ ಪೂಲಿನಿಂದ ವಿಳಾಸ ಕೊಡುತ್ತದೆ. ನೀವು ಹಾಕಿದ ಕಾನ್ಫಿಗ್‌ನಲ್ಲಿ ಇಂಟರ್‌ಫೇಸ್ ವಿಲ್ಯಾನ್ 10ಕ್ಕೆ ಮಾತ್ರ ಐಪಿ ಇದೆ. 30ಕ್ಕೆ ಇಂಟರ್‌ಫೇಸೇ ಇಲ್ಲ, ಹಾಗಾಗಿ ಆ ಪೂಲ್ ಬರೆದಿದ್ದೂ ಇಲ್ಲದಂತೆಯೇ. ಹೀಗೆ ಹಾಕಿ:

ವಿಲ್ಯಾನ್ 30
ಎಕ್ಸಿಟ್
ಇಂಟರ್‌ಫೇಸ್ ವಿಲ್ಯಾನ್ 30
ಐಪಿ ಅಡ್ರೆಸ್ 192.168.30.1 255.255.255.0
ನೋ ಶಟ್‌ಡೌನ್
ಎಕ್ಸಿಟ್
ಐಪಿ ಡಿಎಚ್‌ಸಿಪಿ ಎಕ್ಸ್‌ಕ್ಲೂಡೆಡ್-ಅಡ್ರೆಸ್ 192.168.30.1 192.168.30.20
ಐಪಿ ಡಿಎಚ್‌ಸಿಪಿ ಪೂಲ್ ರೈತವೈಫೈ
ನೆಟ್‌ವರ್ಕ್ 192.168.30.0 255.255.255.0
ಡಿಫಾಲ್ಟ್-ರೌಟರ್ 192.168.30.1
ಡಿಎನ್ಎಸ್-ಸರ್ವರ್ 8.8.8.8 1.1.1.1
ಲೀಸ್ 0 2

20ಕ್ಕೂ ಇದೇ ಅಚ್ಚು. ಎಕ್ಸ್‌ಕ್ಲೂಡೆಡ್ ಸಾಲು ಪೂಲಿನ ಒಳಗೆ ಬರುವುದಲ್ಲ, ಹೊರಗಿನದು. ಅದರಲ್ಲಿ ಶುರು ಮತ್ತು ಕೊನೆ ಎರಡೂ ವಿಳಾಸ ಬರೆಯಬೇಕು; ಒಂದನ್ನೇ ಬರೆದರೆ ಆ ಒಂದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಹಂಚುತ್ತದೆ. ಪ್ರಿಂಟರು, ಆಕ್ಸೆಸ್ ಪಾಯಿಂಟುಗಳಿಗೆ ಕೈಯಾರೆ ಕೊಡುವ ವಿಳಾಸಗಳನ್ನು ಈ ಮೊದಲ 20ರಲ್ಲೇ ಇಡಿ. ವಿಲ್ಯಾನಿನ ಕನಿಷ್ಠ ಒಂದು ಪೋರ್ಟಾದರೂ ಕೇಬಲ್ ಸಿಕ್ಕಿಸಿ ಅಪ್ ಆಗುವವರೆಗೆ ಇಂಟರ್‌ಫೇಸ್ ವಿಲ್ಯಾನ್ ಡೌನ್ ಅಂತಲೇ ತೋರಿಸುತ್ತದೆ. ಅದಕ್ಕೆ ಗಾಬರಿ ಬೇಡ.

ಲೀಸ್ (ವಿಳಾಸ ಎಷ್ಟು ಹೊತ್ತಿಗೆ ಕೊಟ್ಟದ್ದು) ಸಾಲಿನಲ್ಲಿ ಮೊದಲ ಅಂಕಿ ದಿನ, ಎರಡನೆಯದು ಗಂಟೆ. ಏನೂ ಬರೆಯದಿದ್ದರೆ ಒಂದು ದಿನ. ಆಫೀಸಿಗೆ ಅದೇ ಸರಿ. ವೈಫೈಗೆ ಒಂದು ದಿನ ಇಟ್ಟರೆ ಕಷ್ಟ: 254ರಲ್ಲಿ 20 ಕಳೆದು ಉಳಿಯುವುದು 234. ಟೆಂಡರು ಜೋರಿರುವ ದಿನ ರೈತರು ಬಂದು ಹೋಗುತ್ತಲೇ ಇರುತ್ತಾರೆ, ಹೋದವರ ಮೊಬೈಲಿನ ವಿಳಾಸ ಮಾತ್ರ ಮರುದಿನದ ತನಕ ಹಿಡಿದಿಟ್ಟೇ ಇರುತ್ತದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಸಾಮಾನ್ಯವಾಗಿ ನಿಜವಾದ ಮ್ಯಾಕ್ ವಿಳಾಸ (ಉಪಕರಣಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು ಸಂಖ್ಯೆ) ತೋರಿಸುವುದಿಲ್ಲ, ಹಾಗಾಗಿ ಮೊಬೈಲಿಗೆ ಮ್ಯಾಕ್ ನೋಡಿ ವಿಳಾಸ ಕಟ್ಟಿಡುವ ಉಸಾಬರಿಯೂ ಬೇಡ. ಎರಡು ಗಂಟೆ ಸಾಕು. ಅರ್ಧ ಅವಧಿ ಕಳೆದಾಗ ಫೋನೇ ಕೇಳಿ ನವೀಕರಿಸಿಕೊಳ್ಳುತ್ತದೆ, ಬಳಸುವವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಬೆಳಗಿನ 169.254. ಇದು ವಿಂಡೋಸ್ ತಾನೇ ಹಾಕಿಕೊಂಡ ವಿಳಾಸ, ಕೊಡುವವರು ಯಾರೂ ಸಿಗಲಿಲ್ಲ ಎಂದು ಅರ್ಥ. ಕಂಪ್ಯೂಟರ್ ಆನ್ ಆದಾಗ ಸ್ವಿಚ್ಚಿನ ಪೋರ್ಟ್ ಅಪ್ ಆಗುತ್ತದೆ, ಆದರೆ ಲೂಪ್ ಇದೆಯೇ ಎಂದು ನೋಡುವ ಸ್ಪ್ಯಾನಿಂಗ್ ಟ್ರೀ 15 ಸೆಕೆಂಡ್ ಕೇಳಿಸಿಕೊಳ್ಳುತ್ತ, ಇನ್ನು 15 ಸೆಕೆಂಡ್ ಕಲಿಯುತ್ತ, ಒಟ್ಟು 30 ಸೆಕೆಂಡ್ ಏನನ್ನೂ ದಾಟಿಸುವುದಿಲ್ಲ. ಎಸ್‌ಎಸ್‌ಡಿ ಇರುವ, ಬೇಗ ಏಳುವ ಕಂಪ್ಯೂಟರ್ ಅಷ್ಟರಲ್ಲಿ ಕೇಳಿ ಕೇಳಿ ಸಾಕಾಗಿ ಕೈಬಿಟ್ಟಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ, ಆಗ ಸರಿಯಾಗುತ್ತದೆ. 'ಐದು ನಿಮಿಷ ಬಿಟ್ಟರೆ ತನ್ನಷ್ಟಕ್ಕೇ ಸರಿಯಾಗುತ್ತದೆ' ಎಂದು ನೀವು ಬರೆದದ್ದು ಇದಕ್ಕೇ ಹೊಂದುತ್ತದೆ. ಆಫೀಸಿನ ಕಂಪ್ಯೂಟರ್, ಪ್ರಿಂಟರ್ ಹೋಗುವ ಪೋರ್ಟುಗಳಿಗೆ ಹೀಗೆ ಹಾಕಿ, ಕ್ಯಾಮೆರಾ ಪೋರ್ಟುಗಳಿಗೆ ವಿಲ್ಯಾನ್ 10ರ ಬದಲು 20 ಬರೆಯಿರಿ:

ಇಂಟರ್‌ಫೇಸ್ ರೇಂಜ್ ಫಾಸ್ಟ್‌ಈಥರ್‌ನೆಟ್ 0/1 - 8
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 10
ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್
ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್

ಪೋರ್ಟ್‌ಫಾಸ್ಟ್ ಸಾಲು ಆ 30 ಸೆಕೆಂಡ್ ಕಾಯುವುದನ್ನು ತಪ್ಪಿಸುತ್ತದೆ. ಕೊನೆಯ ಸಾಲು ಇದ್ದರೆ, ಆ ಪೋರ್ಟಿಗೆ ಯಾರಾದರೂ ಇನ್ನೊಂದು ಮ್ಯಾನೇಜ್ಡ್ ಸ್ವಿಚ್ ಸಿಕ್ಕಿಸಿದರೆ ಪೋರ್ಟೇ ಮುಚ್ಚಿಕೊಳ್ಳುತ್ತದೆ. ಗೋದಾಮಿನ ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಈ ಕೊನೆಯ ಎರಡು ಸಾಲನ್ನೂ ಹಾಕಬೇಡಿ.

ಮೂರನೆಯದು ಕರೆಂಟಿನ ವಿಷಯ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಯಾರಿಗೆ ಯಾವ ವಿಳಾಸ ಕೊಟ್ಟೆ ಎಂಬ ಪಟ್ಟಿಯನ್ನು ಸ್ವಿಚ್ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿರುತ್ತದೆ. ಕರೆಂಟು ಹೋದರೆ ಪಟ್ಟಿಯೂ ಹೋಯಿತು. ತೂಕದ ಕಂಪ್ಯೂಟರ್ ಯುಪಿಎಸ್ ಮೇಲಿದೆ, ಅದು ತನ್ನ 192.168.10.21 ಹಿಡಿದುಕೊಂಡು ಕೂತಿರುತ್ತದೆ. ಸ್ವಿಚ್ ಎದ್ದು ಬಂದು, ಲೆಕ್ಕ ಮರೆತು, ಅದೇ 21ನ್ನು ಹೊಸದಾಗಿ ಆನ್ ಆದ ಬಿಲ್ಲಿಂಗ್ ಕಂಪ್ಯೂಟರಿಗೆ ಕೊಡಲು ಹೊರಡುತ್ತದೆ. ಕೊಡುವ ಮುಂಚೆ ಆ ವಿಳಾಸಕ್ಕೆ ಎರಡು ಸಲ ಪಿಂಗ್ ಮಾಡಿ ನೋಡುತ್ತದೆ, ಒಂದೊಂದಕ್ಕೆ 500 ಮಿಲಿಸೆಕೆಂಡ್ ಕಾಯುತ್ತದೆ. ಆದರೆ ವಿಂಡೋಸ್ ಫೈರ್‌ವಾಲ್ ಪಿಂಗಿಗೆ ಉತ್ತರಿಸಲು ಬಿಡದಿದ್ದರೆ ಸ್ವಿಚ್ಚಿಗೆ ಆ ಮನೆ ಖಾಲಿ ಎಂದೇ ಕಾಣುತ್ತದೆ. ಒಂದೇ ಮನೆಗೆ ಇಬ್ಬರು ಬಾಡಿಗೆದಾರರು.

ಸರಿಯಾದ ಮದ್ದು ಸ್ವಿಚ್ಚಿಗೂ ಒಎನ್‌ಟಿಗೂ (ಇಂಟರ್ನೆಟ್ಟಿನ ಫೈಬರ್ ಬಂದು ಸೇರುವ ಡಬ್ಬಿ) ಸೇರಿ ಒಂದು ಯುಪಿಎಸ್. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕುವುದು ಎಲ್ಲ ಕಡೆ ಕಾಣುವ ಮರುಳು. ಅದರ ಜೊತೆಗೆ ಪಟ್ಟಿಯನ್ನು ಫ್ಲ್ಯಾಶಿಗೆ (ಕರೆಂಟು ಹೋದರೂ ಅಳಿಯದ ಮೆಮೊರಿಗೆ) ಬರೆಯಿಸಿ:

ಐಪಿ ಡಿಎಚ್‌ಸಿಪಿ ಡೇಟಾಬೇಸ್ ಫ್ಲ್ಯಾಶ್:ಲೀಸ್‌ಪಟ್ಟಿ
ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30
ಎನ್‌ಟಿಪಿ ಸರ್ವರ್ (ನಿಮ್ಮ ಟೈಮ್ ಸರ್ವರಿನ ವಿಳಾಸ)

ಗಡಿಯಾರದ ಸಾಲು ಯಾಕೆಂದರೆ, 3560ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪ್ರತಿ ಸಲ ಎದ್ದಾಗ ಅದಕ್ಕೆ ಅಂದು 1993ರ ಮಾರ್ಚ್ 1. ಫೈಲಿನಲ್ಲಿ ಪ್ರತಿ ವಿಳಾಸದ ಮುಂದೆ ಅವಧಿ ಮುಗಿಯುವ ದಿನಾಂಕ ಇರುವುದರಿಂದ, ಇಸವಿಯೇ ತಪ್ಪಿದ್ದರೆ ಆ ಲೆಕ್ಕ ಕೂಡುವುದಿಲ್ಲ. ಈಗಾಗಲೇ ಆಗಿರುವ ಗೊಂದಲವನ್ನು ಶೋ ಐಪಿ ಡಿಎಚ್‌ಸಿಪಿ ಕಾನ್‌ಫ್ಲಿಕ್ಟ್ ಎಂದು ನೋಡಿ. ಆ ಪಟ್ಟಿಗೆ ಸೇರಿದ ವಿಳಾಸವನ್ನು ಸ್ವಿಚ್ ಮತ್ತೆ ಯಾರಿಗೂ ಕೊಡುವುದಿಲ್ಲ. ಕ್ಲಿಯರ್ ಐಪಿ ಡಿಎಚ್‌ಸಿಪಿ ಕಾನ್‌ಫ್ಲಿಕ್ಟ್ ಎಂದು ಬರೆದು ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಪಟ್ಟಿ ಖಾಲಿ.

ತೂಕದ ಕಂಪ್ಯೂಟರು, ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಇವಕ್ಕೆ ಯಾವಾಗಲೂ ಒಂದೇ ವಿಳಾಸ ಬೇಕಿದ್ದರೆ ಒಂದೊಂದಕ್ಕೆ ಪ್ರತ್ಯೇಕ ಪೂಲ್ ಬರೆಯಬೇಕು. ಅದರಲ್ಲಿ ನೆಟ್‌ವರ್ಕ್ ಬದಲು ಹೋಸ್ಟ್ 192.168.20.50 255.255.255.0, ಕೆಳಗೆ ಕ್ಲೈಂಟ್-ಐಡೆಂಟಿಫೈಯರ್ 0100.1132.4567.89. ಇಲ್ಲಿ ಮ್ಯಾಕ್ 00-11-32-45-67-89. ಮುಂದೆ 01 ಸೇರಿಸಿ, ನಾಲ್ಕು ನಾಲ್ಕು ಅಂಕಿಗೆ ಚುಕ್ಕೆ ಇಟ್ಟದ್ದು. ಆ 01 ಬಿಟ್ಟುಹೋದರೆ ವಿಂಡೋಸ್ ಕಂಪ್ಯೂಟರಿಗೆ ಆ ವಿಳಾಸ ಎಂದೂ ಬರುವುದಿಲ್ಲ. ಎಲ್ಲ ಉಪಕರಣವೂ ಇದೇ ರೀತಿ ಕಳಿಸುತ್ತದೆಂದೂ ಇಲ್ಲ. ಹಾಗಾಗಿ ಮೊದಲು ಮಾಮೂಲಿ ಪೂಲಿನಿಂದ ಒಂದು ವಿಳಾಸ ತೆಗೆದುಕೊಳ್ಳಲಿ, ಶೋ ಐಪಿ ಡಿಎಚ್‌ಸಿಪಿ ಬೈಂಡಿಂಗ್‌ನಲ್ಲಿ (ಯಾರಿಗೆ ಯಾವ ವಿಳಾಸ ಎಂಬ ಪಟ್ಟಿ) ಬಂದ ಅಂಕಿಯನ್ನೇ ನಕಲು ಮಾಡಿ, ಹಳೆಯ ಬೈಂಡಿಂಗ್ ಕ್ಲಿಯರ್ ಮಾಡಿ, ಆಮೇಲೆ ಹೋಸ್ಟ್ ಪೂಲ್ ಬರೆಯಿರಿ.

ನೀವು ಕೇಳದ, ಆದರೆ ಮುಂದಿನ ವಾರ ಕೇಳುವ ಪ್ರಶ್ನೆ: ವಿಳಾಸ ಬಂತು, ಇಂಟರ್ನೆಟ್ ಇಲ್ಲ. ಸ್ವಿಚ್ಚಿನಲ್ಲಿ ಐಪಿ ರೌಟಿಂಗ್ ಎಂಬ ಕಮಾಂಡ್ ಕೊಡದೆ ಅದು ವಿಲ್ಯಾನ್‌ಗಳ ನಡುವೆ ದಾಟಿಸುವುದಿಲ್ಲ. ಒಎನ್‌ಟಿಯನ್ನು ಪೋರ್ಟ್ 24ಕ್ಕೆ, ಪ್ರತ್ಯೇಕ ವಿಲ್ಯಾನ್ 99ರಲ್ಲಿ ಹಾಕಿ, ಒಎನ್‌ಟಿ 192.168.1.1, ಸ್ವಿಚ್ 192.168.1.2, ಡಿಫಾಲ್ಟ್ ದಾರಿ ಐಪಿ ರೂಟ್ 0.0.0.0 0.0.0.0 192.168.1.1. ಇಷ್ಟಕ್ಕೆ ಹೋಗುವ ದಾರಿ ಆಯಿತು, ಬರುವ ದಾರಿ ಆಗಲಿಲ್ಲ. 3560 ನ್ಯಾಟ್ (ಒಳಗಿನ ವಿಳಾಸಗಳನ್ನು ಒಂದೇ ವಿಳಾಸದ ಹಿಂದೆ ಮರೆಮಾಡಿ ಕಳಿಸುವುದು) ಮಾಡುವುದಿಲ್ಲ. 192.168.10, 20, 30 ಈ ಮೂರೂ 192.168.1.2ರ ಹಿಂದೆ ಇವೆ ಎಂದು ಒಎನ್‌ಟಿಯಲ್ಲಿ ಸ್ಟ್ಯಾಟಿಕ್ ರೂಟ್ (ಕೈಯಾರೆ ತೋರಿಸುವ ದಾರಿ) ಬರೆಯಬೇಕು. ಕೆಲವು ಒಎನ್‌ಟಿಗಳಲ್ಲಿ ಆ ಪುಟವೇ ಇರುವುದಿಲ್ಲ, ಅಥವಾ ಕಂಪನಿಯವರು ಬೀಗ ಹಾಕಿರುತ್ತಾರೆ. ಹಾಗಿದ್ದರೆ ನಡುವೆ ಸ್ಟ್ಯಾಟಿಕ್ ರೂಟ್ ಬರೆಯಲು ಬಿಡುವ ಒಂದು ಸಣ್ಣ ರೌಟರ್ ಇಡದೆ ಗತ್ಯಂತರವಿಲ್ಲ.

ರೌಟಿಂಗ್ ಹಾಕಿದ ಕ್ಷಣದಿಂದ ರೈತವೈಫೈಯಲ್ಲಿರುವವರಿಗೆ ನಿಮ್ಮ ಬಿಲ್ಲಿಂಗ್ ಕಂಪ್ಯೂಟರೂ ಸಿಗುತ್ತದೆ ಎಂಬುದು ನೆನಪಿರಲಿ. ವಿಲ್ಯಾನ್ 30ರ ಇಂಟರ್‌ಫೇಸಿಗೆ ಒಳಬರುವ ದಿಕ್ಕಿನಲ್ಲಿ ಆಕ್ಸೆಸ್ ಲಿಸ್ಟ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಹಾಕಿ, 192.168.10.0 ಮತ್ತು 20.0 ಎರಡಕ್ಕೂ ಡಿನೈ ಬರೆಯಿರಿ. ಕೊನೆಯ ಸಾಲು ಪರ್ಮಿಟ್ ಐಪಿ ಎನಿ ಎನಿ ಎಂದೇ ಇರಲಿ. ಅಚ್ಚುಕಟ್ಟು ಮಾಡಲು ಹೋಗಿ 'ಪರ್ಮಿಟ್ ಐಪಿ 192.168.30.0 0.0.0.255 ಎನಿ' ಎಂದು ಬರೆದರೆ ಡಿಎಚ್‌ಸಿಪಿಯೇ ನಿಲ್ಲುತ್ತದೆ: ವಿಳಾಸ ಇನ್ನೂ ಸಿಗದ ಫೋನು 0.0.0.0 ಎಂಬ ಹೆಸರಿನಲ್ಲಿ ಕೇಳುತ್ತದೆ, ಅದು ನಿಮ್ಮ ಸಾಲಿಗೆ ಹೊಂದುವುದಿಲ್ಲ.

ಹಳೆಯ ವೈಫೈ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿದ್ದೀರಿ ಎಂದಿದ್ದೀರಿ. ಅದರೊಳಗಿನ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಅದರ ಲ್ಯಾನ್ ತೂತಿಗೆ ಹಾಕಿ, ವ್ಯಾನ್ ತೂತಿಗಲ್ಲ. ಒಂದೇ ವಿಲ್ಯಾನಿನಲ್ಲಿ ವಿಳಾಸ ಹಂಚುವವರು ಇಬ್ಬರಾದರೆ ಯಾರು ಮೊದಲು ಉತ್ತರ ಕೊಟ್ಟರೋ ಅವರದ್ದೇ ನಡೆಯುತ್ತದೆ. ನಾಳೆ ಇನ್ಯಾರೋ ಇಂಥದ್ದೇ ಡಬ್ಬಿ ಸಿಕ್ಕಿಸುವುದನ್ನು ತಡೆಯಲು ಐಪಿ ಡಿಎಚ್‌ಸಿಪಿ ಸ್ನೂಪಿಂಗ್, ಮತ್ತು ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 10,20,30. ಗೋದಾಮಿನ ಸ್ವಿಚ್ಚಿನಲ್ಲೂ ಇದನ್ನು ಹಾಕುವುದಾದರೆ, ಮುಖ್ಯ ಸ್ವಿಚ್ಚಿನ ಕಡೆಗೆ ಬರುವ ಪೋರ್ಟಿಗೆ ಮಾತ್ರ ಟ್ರಸ್ಟ್ ಕೊಡಿ, ಅಂದರೆ ಅಲ್ಲಿಂದ ಬರುವ ಡಿಎಚ್‌ಸಿಪಿ ಉತ್ತರವನ್ನು ಮಾತ್ರ ನಂಬು ಎಂದು ಹೇಳಿ. ಎರಡೂ ಸ್ವಿಚ್ಚಿನಲ್ಲಿ ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಶನ್ ಆಪ್ಶನ್ ಹಾಕಿ. ಇಲ್ಲದಿದ್ದರೆ ಗೋದಾಮಿನ ಸ್ವಿಚ್ ಪ್ರತಿ ಕೋರಿಕೆಗೂ ಆಪ್ಶನ್ 82 ಎಂಬ ಚೀಟಿ ಅಂಟಿಸಿ ಕಳಿಸುತ್ತದೆ, ಮುಖ್ಯ ಸ್ವಿಚ್ ಆ ಚೀಟಿ ಕಂಡು ಪ್ಯಾಕೆಟ್ಟನ್ನೇ ಸದ್ದಿಲ್ಲದೆ ಎಸೆಯುತ್ತದೆ. ಗೋದಾಮಿನ ಲಿಂಕಿಗೆ ಫೈಬರ್ ಹಾಕಿದ್ದು ಒಳ್ಳೆಯದಾಯಿತು; ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆದರೆ ಮುಂಗಾರಿಗೆ ಮುಂಚಿನ ಸಿಡಿಲು ಎರಡೂ ಕಡೆಯ ಪೋರ್ಟನ್ನು ಸುಡುತ್ತದೆ.

ಇಷ್ಟಾದರೂ ಸಿಗದಿದ್ದರೆ ಊಹೆ ಮಾಡುತ್ತ ಕೂರಬೇಡಿ. ಶೋ ಐಪಿ ಡಿಎಚ್‌ಸಿಪಿ ಸರ್ವರ್ ಸ್ಟ್ಯಾಟಿಸ್ಟಿಕ್ಸ್ ಕೊಟ್ಟು ಅಂಕಿ ನೋಡಿ, ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ರಿಲೀಸ್, ರಿನ್ಯೂ ಮಾಡಿ, ಮತ್ತೆ ನೋಡಿ. ಡಿಸ್ಕವರ್ ಎಣಿಕೆ ಏರಲೇ ಇಲ್ಲವೆಂದರೆ ಕೋರಿಕೆ ಸ್ವಿಚ್ಚಿನ ತನಕ ಬಂದೇ ಇಲ್ಲ: ಕೇಬಲ್ಲು, ತಪ್ಪು ವಿಲ್ಯಾನ್, ಅಥವಾ ಆಕ್ಸೆಸ್ ಲಿಸ್ಟ್. ಕಾರವಾರ, ಅಂಕೋಲಾ ಕಡೆಯಾಗಿದ್ದರೆ ಉಪ್ಪುಗಾಳಿಗೆ ಪಿನ್ನು ಹಸಿರು ಹಿಡಿದಿದೆಯೇ ಎಂದು ಮೊದಲು ನೋಡಿ ಎನ್ನುತ್ತಿದ್ದೆ. ಡಿಸ್ಕವರ್ ಏರುತ್ತದೆ, ಆಫರ್ (ಸ್ವಿಚ್ ಕೊಡಲು ಮುಂದಿಡುವ ವಿಳಾಸ) ಏರುವುದಿಲ್ಲ ಎಂದರೆ ಪೂಲಿನ ನೆಟ್‌ವರ್ಕಿಗೂ ಇಂಟರ್‌ಫೇಸಿನ ಐಪಿಗೂ ತಾಳೆಯಿಲ್ಲ, ಇಲ್ಲವೇ ವಿಳಾಸ ಖಾಲಿ. ಆಫರ್ ಏರಿಯೂ ರಿಕ್ವೆಸ್ಟ್ (ಆ ವಿಳಾಸ ನನಗಿರಲಿ ಎಂಬ ಕಂಪ್ಯೂಟರಿನ ಉತ್ತರ) ಬಾರದಿದ್ದರೆ ಐಪಿಕಾನ್ಫಿಗ್ ಆಲ್ ಕೊಟ್ಟು ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ನೋಡಿ. ಅಲ್ಲಿ ನಿಮ್ಮ ಸ್ವಿಚ್ಚಿನ ವಿಳಾಸ ಬಿಟ್ಟು ಬೇರೆಯದಿದ್ದರೆ ಆ ಎರಡನೇ ಹಂಚುವವನನ್ನು ಹುಡುಕಬೇಕು.

ಎಲ್ಲ ಸರಿಬಂದ ಮೇಲೆ ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್ ಕೊಡಿ. ಅದೂ ಇವತ್ತೇ, ಸಂಜೆಯ ಮಳೆಗೆ ಮುಂಚೆ.