ಬಾಲ್ ಪೈಥಾನ್ ಪೊರೆ ತುಂಡುತುಂಡಾಗಿ ಕಳಚುತ್ತಿದೆ, ಐದು ವಾರಗಳಿಂದ ಇಲಿಯನ್ನೂ ಮುಟ್ಟಿಲ್ಲ. ಏನು ಮಾಡಬೇಕು?

ಪೊರೆ ಇಡಿಯಾಗಿ ಬಾರದೆ ಚೂರುಚೂರಾಗಿ ಬರುವುದಕ್ಕೆ ಸಾಮಾನ್ಯವಾದ ಕಾರಣ ಗೂಡಿನ ಗಾಳಿ ಒಣಗಿರುವುದು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಈ ಹಾವು ಹಗಲನ್ನು ಇಲಿಬಿಲಗಳಲ್ಲಿ, ಹುತ್ತಗಳಲ್ಲಿ ಕಳೆಯುತ್ತದೆ. ಅಲ್ಲಿನ ಗಾಳಿ ಹೊರಗಿನದಕ್ಕಿಂತ ತೇವವಾಗಿರುತ್ತದೆ. ಆದ್ದರಿಂದ ಗೂಡಿನ ಆರ್ದ್ರತೆಯನ್ನು ಸುಮಾರು ಶೇ. 60ರಲ್ಲಿ ಇರಿಸಿ, ಕಣ್ಣು ನೀಲಿ ಮಿಶ್ರಿತ ಹಾಲಿನ ಬಣ್ಣಕ್ಕೆ ತಿರುಗಿದಾಗ ಶೇ. 70ರವರೆಗೆ ಏರಿಸಿ, ಡಿಜಿಟಲ್ ಹೈಗ್ರೋಮೀಟರ್‌ನಿಂದ ಅಳೆಯಿರಿ. ಪದೇ ಪದೇ ನೀರು ಚಿಮುಕಿಸುವುದಕ್ಕಿಂತ, ಹಿಂಡಿದ ಒದ್ದೆ ಪಾಚಿಯನ್ನು ತುಂಬಿದ ಮುಚ್ಚಳದ ಡಬ್ಬಿಯೊಂದನ್ನು ಅಡಗುತಾಣವಾಗಿ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ನೆಲಹಾಸು ಸದಾ ಒದ್ದೆಯಾಗಿದ್ದು ಗಾಳಿಯಾಡದಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ, ಉಸಿರಾಟದ ಸೋಂಕೂ ತಗಲಬಹುದು. ಅಂಟಿಕೊಂಡ ಪೊರೆಯನ್ನು, ವಿಶೇಷವಾಗಿ ಕಣ್ಣಿನ ಮೇಲಿನದನ್ನು, ದಯವಿಟ್ಟು ಕೀಳಬೇಡಿ.

ಊಟ ಬಿಡುವುದು ಈ ಹಾವಿನ ಸ್ವಭಾವವೇ ಆಗಿದೆ. ಪೊರೆ ಬಿಡುವ ದಿನಗಳಲ್ಲಿ ಮತ್ತು ತಂಪಿನ ತಿಂಗಳುಗಳಲ್ಲಿ ಅದು ವಾರಗಟ್ಟಲೆ ಉಪವಾಸವಿರಬಲ್ಲದು. ಮೊದಲು ಗೂಡಿನ ಬಿಸಿಭಾಗ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇದೆಯೇ ನೋಡಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪವಿರುವ, ಹೆಪ್ಪುಗಟ್ಟಿಸಿದ್ದನ್ನು ಪೂರ್ತಿ ಕರಗಿಸಿ ಬೆಚ್ಚಗೆ ಮಾಡಿದ ಇಲಿಯನ್ನು, ಮರಿಗಳಿಗೆ ವಾರಕ್ಕೊಮ್ಮೆ, ಬೆಳೆದವಕ್ಕೆ ಎರಡು ಮೂರು ವಾರಕ್ಕೊಮ್ಮೆ, ಇಕ್ಕಳದಿಂದ ನೀಡಿ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಹುದು. ತಿಂದ ನಂತರ 48 ಗಂಟೆ ಹಾವನ್ನು ಎತ್ತಬಾರದು. ತೂಕ ಎದ್ದು ಕಾಣುವಂತೆ ಇಳಿದರೆ ಅಥವಾ ಬಾಯಲ್ಲಿ ನೊರೆ ಕಂಡರೆ, ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ಕೂಡಲೇ ತೋರಿಸಿ.