ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೊ; ಅದರ ಒಂದೇ ಸರಳ ರಾಗ ಕೇಳಿ ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಏಕೆ?

ಮೊದಲ ಕಾರಣ ದನಿ. ಚೆಲ್ಲೊದ ಮಂದ್ರ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ, ಮೇಲಿನ ತಂತಿ 220 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಲೆಕ್ಕ). ಗಂಡಸಿನ ಕಂಠ ಓಡಾಡುವ ಜಾಗವೂ ಹೆಚ್ಚುಕಡಿಮೆ ಅದೇ. ಹಾಗಾಗಿ ಯಾರೋ ಬಾಯಿ ಮುಚ್ಚಿ ಗುನುಗುತ್ತಿದ್ದಾರೆ ಎನ್ನಿಸುತ್ತದೆ.

ಆದರೆ ಅಳು ಪೂರ್ತಿ ಸ್ವರದಲ್ಲಿರುವುದಿಲ್ಲ. ಫ್ರೆಂಚ್ ಸಂಗೀತ ರಚನಕಾರ ಸೇಂಟ್‌-ಸಾನ್ಸ್ 1886ರಲ್ಲಿ ರಚಿಸಿದ ‘ಹಂಸ’ವನ್ನೇ ತೆಗೆದುಕೊಳ್ಳಿ. ಎರಡು ಪಿಯಾನೊಗಳು ಕೆರೆಯ ನೀರಿನಂತೆ ತುಳುಕುತ್ತವೆ, ಮೇಲೆ ಚೆಲ್ಲೊ ಅವಸರವಿಲ್ಲದೆ ತೇಲುತ್ತದೆ. ರಚನೆ ಜಿ ಮೇಜರ್‌ನಲ್ಲಿದೆ, ಸ್ಥೂಲವಾಗಿ ನಮ್ಮ ಶಂಕರಾಭರಣದ ಸ್ವರಗಳು. ಸಾವಿನ ಸುಳಿವೇ ಇಲ್ಲ. ಮುಂದೆ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೊವಾ ಇದೇ ಸಂಗೀತಕ್ಕೆ ಸಾಯುತ್ತಿರುವ ಹಂಸವಾಗಿ ಕುಣಿದು ದೇಶದೇಶ ಸುತ್ತಿದರು. ಆ ನೃತ್ಯ ಕಂಡವರಿಗೆ, ಅದರ ಕಥೆ ಕೇಳಿದವರಿಗೆ ಇದು ವಿದಾಯ; ಏನೂ ಗೊತ್ತಿಲ್ಲದವರಿಗೆ ನೀರಿನ ಮೇಲೊಂದು ಹಕ್ಕಿ, ಇಲ್ಲವೇ ಜೋಗುಳ. (ನನಗಂತೂ ನಿದ್ದೆ ಬರುತ್ತದೆ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.)

ಗಮಕ ಕೇಳಿ ಬೆಳೆದ ಕಿವಿ ಬಹುಶಃ ಮೊದಲು ಹಿಡಿಯುವುದು ಬೇರೆಯದನ್ನೇ: ಸ್ವರದಿಂದ ಸ್ವರಕ್ಕೆ ವಾದಕರು ಬೆರಳೆಳೆಯುವ ಆ ಸಣ್ಣ ಜಾರನ್ನು.