ಅಮೆರಿಕದ ಆರ್ ಅಂಡ್ ಡಿ ಕೆಲಸ ಬೆಂಗಳೂರಿಗೆ ಬಂದರೆ ನಿಜಕ್ಕೂ ಯಾರಿಗೆ ಲಾಭ?

ನೀವು ಕೇಳಿರುವುದು ಎರಡು ಪ್ರಶ್ನೆ. ಟೆಕ್ ಕಂಪನಿಗಳು ಸಂಶೋಧನೆ, ವಿನ್ಯಾಸದ ಕೆಲಸವನ್ನೆಲ್ಲ ಬೆಂಗಳೂರಿಗೆ ಸಾಗಿಸುತ್ತಿವೆ ಎಂಬ ಅಮೆರಿಕದವರ ಸಿಟ್ಟು ನ್ಯಾಯವೇ ಎಂಬುದು ಒಂದು. ಕಡೆಯ ವರ್ಷದ ಇಸಿ (ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ವಿದ್ಯಾರ್ಥಿಯಾದ ನಿಮಗೆ ಆ ಕಂಪನಿಗಳ ಬೆಂಗಳೂರಿನ ಸೆಂಟರಿನಲ್ಲಿ ನಿಜವಾದ ಆರ್ ಅಂಡ್ ಡಿ ಸಿಗುತ್ತದೆಯೇ ಎಂಬುದು ಇನ್ನೊಂದು. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಊರಿನಲ್ಲಿ ಚಿಪ್ ವೆರಿಫಿಕೇಶನ್, ಅಂದರೆ ಚಿಪ್ ತಯಾರಾಗುವ ಮೊದಲೇ ಅದರ ವಿನ್ಯಾಸದ ತಪ್ಪು ಹುಡುಕುವ ಕೆಲಸ, ಮಾಡಿಕೊಂಡಿದ್ದೇನೆ. ಬೇರೆಯವರ ಕೆಲಸ ನನ್ನ ಕೈಗೆ ಬಂದದ್ದೂ ಉಂಟು, ನನ್ನ ಕೈಯಿಂದ ಇನ್ನೊಬ್ಬರಿಗೆ ಹೋದದ್ದೂ ಉಂಟು. ಈ ಕೆಲಸದಿಂದಲೇ ಮನೆ ಕಟ್ಟಿಸಿದವನು ನಾನು, ಅಷ್ಟನ್ನು ಕಳೆದು ಓದಿಕೊಳ್ಳಿ.

ಜಗಳವಂತೂ ಹೊಸದಲ್ಲ. 2004ರ ಫೆಬ್ರವರಿಯಲ್ಲಿ ಬುಷ್ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷ ಗ್ರೆಗರಿ ಮ್ಯಾನ್‌ಕ್ಯೂ, ಹೊರಗುತ್ತಿಗೆಯೂ ಒಂದು ಬಗೆಯ ವಿದೇಶಿ ವ್ಯಾಪಾರವೇ, ಕಾಲಕ್ರಮದಲ್ಲಿ ದೇಶಕ್ಕೆ ಒಳಿತೇ ಆಗುತ್ತದೆ ಎಂದುಬಿಟ್ಟರು. ಅವರ ಪಕ್ಷದವರೇ ಆದ ಸ್ಪೀಕರ್ ಡೆನ್ನಿಸ್ ಹ್ಯಾಸ್ಟರ್ಟ್ ಕೂಡ ಅವರ ಮೇಲೆ ಹರಿಹಾಯ್ದರು. ಆ ವರ್ಷದ ಚುನಾವಣೆಗೆ ಓಡಾಡುತ್ತಿದ್ದ ಜಾನ್ ಕೆರ್ರಿ, ಕೆಲಸ ಹೊರಗೆ ಕಳಿಸುವ ಕಂಪನಿಗಳ ಮುಖ್ಯಸ್ಥರನ್ನು ಬೆನೆಡಿಕ್ಟ್ ಅರ್ನಾಲ್ಡ್‌ಗೆ ಹೋಲಿಸುತ್ತಿದ್ದರು. ನಮಗೆ ಮೀರ್ ಸಾದಿಕ್ ಹೇಗೋ ಅವರಿಗೆ ಆ ಅರ್ನಾಲ್ಡ್ ಹಾಗೆ. ಕೆಲಸ ಕಳೆದುಕೊಂಡವನು ‘ಬ್ಯಾಂಗಲೋರ್ಡ್’ ಆದ ಎನ್ನುವ ಮಾತು ಹುಟ್ಟಿದ್ದೂ ಆ ಹೊತ್ತಿನಲ್ಲೇ. ನಮ್ಮ ಊರು ಕ್ರಿಯಾಪದವಾದ ಬಗ್ಗೆ ಆಗ ಆಫೀಸಿನಲ್ಲಿ ನಕ್ಕಿದ್ದೆವು. ಅದು ಯಾರದೋ ಅಡುಗೆಮನೆಯ ಸಂಗತಿ ಎಂದು ಗೊತ್ತಾಗುವಷ್ಟು ವಯಸ್ಸಾಗಿರಲಿಲ್ಲ. 2009ರ ಮೇ ತಿಂಗಳಲ್ಲಿ ಒಬಾಮ, ನ್ಯೂಯಾರ್ಕಿನ ಬಫಲೋದಲ್ಲಿ ಕೆಲಸ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ತೆರಿಗೆ ಕಡಿಮೆ ಎನ್ನುವಂತಿದೆ ನಮ್ಮ ಕಾನೂನು ಎಂದು ದೂರಿದರು.

ಈಗ ಅದೇ ಕಾನೂನು ಆರ್ ಅಂಡ್ ಡಿ ಮಟ್ಟಿಗೆ ತಿರುಗಿ ನಿಂತಿದೆ. 2017ರಲ್ಲಿ ಟ್ರಂಪ್ ಸರ್ಕಾರ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 2022ರಿಂದ. ಅದರ ಪ್ರಕಾರ ಸಂಶೋಧನೆಯ ಖರ್ಚನ್ನು ಆಯಾ ವರ್ಷವೇ ಲಾಭದಿಂದ ಕಳೆಯುವಂತಿಲ್ಲ. ಅಮೆರಿಕದೊಳಗೆ ಮಾಡಿದ್ದನ್ನು 5 ವರ್ಷಕ್ಕೆ ಹಂಚಬೇಕು, ಹೊರದೇಶದಲ್ಲಿ ಮಾಡಿದ್ದನ್ನು 15 ವರ್ಷಕ್ಕೆ. ಇಲ್ಲಿ 100 ಡಾಲರ್ ಖರ್ಚು ಮಾಡಿದರೆ ಮೊದಲ ವರ್ಷ ಲೆಕ್ಕಕ್ಕೆ ಸಿಗುವುದು 3 ಡಾಲರ್ ಚಿಲ್ಲರೆ ಮಾತ್ರ. 2025ರಲ್ಲಿ ಒಳಗಿನ ಖರ್ಚಿಗೆ ಹಳೆಯ ಸೌಲಭ್ಯ ಮರಳಿ ಬಂತು, ಹೊರಗಿನದ್ದಕ್ಕೆ 15 ವರ್ಷ ಹಾಗೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೆನೆಟರ್ ಬರ್ನಿ ಮೊರೆನೊ, ಹೊರಗುತ್ತಿಗೆ ಕೆಲಸಕ್ಕೆಂದು ಹೊರದೇಶಕ್ಕೆ ಕೊಡುವ ಹಣದ ಮೇಲೆ 25% ತೆರಿಗೆ ಹಾಕುವ ಮಸೂದೆಯನ್ನೂ ಮಂಡಿಸಿದರು.

ಇಷ್ಟಾದರೂ ಸೆಂಟರುಗಳು ಕಡಿಮೆಯಾದವೇ? ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಜಿನ್ನೋವ್ ಲೆಕ್ಕದಲ್ಲಿ 2024ರ ಹೊತ್ತಿಗೆ ಭಾರತದಲ್ಲಿ 1,700ಕ್ಕೂ ಹೆಚ್ಚು ಜಿಸಿಸಿಗಳು (ದೊಡ್ಡ ಕಂಪನಿಗಳು ಇಲ್ಲಿ ತೆರೆದ ತಮ್ಮದೇ ಸೆಂಟರುಗಳು), ಅವುಗಳಲ್ಲಿ 19 ಲಕ್ಷ ಜನ. ಇಲ್ಲಿಗೆ ಕೆಲಸ ಬರುವುದು ತೆರಿಗೆ ಉಳಿಯುತ್ತದೆ ಎಂದಷ್ಟೇ ಆಗಿದ್ದರೆ 2022ರಿಂದಾಚೆಗಿನ ಮೂರು ವರ್ಷಗಳಲ್ಲೇ ಅರ್ಧ ವೈಟ್‌ಫೀಲ್ಡ್ ಖಾಲಿಯಾಗಬೇಕಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿಗೆ ಬಂದು, ಹೊರದೇಶದ ತನ್ನ ಕಚೇರಿಗಳ ಜೊತೆ ಮಾತಾಡಲು ಪ್ರತ್ಯೇಕ ಉಪಗ್ರಹ ಸಂಪರ್ಕ ಹಾಕಿಕೊಂಡಾಗ, ಅದರ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕತೆ ನೀವೂ ಕೇಳಿರುತ್ತೀರಿ. ಎತ್ತಿನ ಗಾಡಿ ಎಲ್ಲರಿಗೂ ನೆನಪಿರುತ್ತದೆ. ಆಗಲೇ ಇಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಎಚ್‌ಎಎಲ್, ಬಿಇಎಲ್, ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ, ಇಸ್ರೋ ಎಲ್ಲ ಇದ್ದು, ಅವುಗಳ ಸುತ್ತ ಸರ್ಕಾರದ ದುಡ್ಡಿನಲ್ಲಿ ತಯಾರಾದ ಎಂಜಿನಿಯರುಗಳ ಒಂದು ಊರೇ ಇತ್ತು ಎಂಬುದು ಮರೆತುಹೋಗುತ್ತದೆ.

ಸಿಟ್ಟಿನ ವಿಷಯಕ್ಕೆ ಬರುತ್ತೇನೆ. 2009ರ ಚಳಿಗಾಲದಲ್ಲಿ ನನ್ನನ್ನು ಆರು ವಾರ ಮ್ಯಾಸಚೂಸೆಟ್ಸ್‌ಗೆ ಕಳಿಸಿದರು, ಕೆಟಿಗೆ. ನಾಲೆಡ್ಜ್ ಟ್ರಾನ್ಸ್‌ಫರ್ ಎಂದು ಪೂರ್ತಿ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ. ಅಲ್ಲಿ ಐವತ್ತೈದರ ಆಸುಪಾಸಿನ ಒಬ್ಬರು ಒಂದು ಮೆಮೊರಿ ಕಂಟ್ರೋಲರಿನ ಟೆಸ್ಟ್‌ಬೆಂಚನ್ನು (ಮೆಮೊರಿಯನ್ನು ನಡೆಸುವ ಚಿಪ್ ಭಾಗವನ್ನು ಪರೀಕ್ಷಿಸುವ ಪ್ರೋಗ್ರಾಮನ್ನು) ಹನ್ನೊಂದು ವರ್ಷದಿಂದ ಸಾಕಿಕೊಂಡು ಬಂದಿದ್ದರು. ಅದನ್ನು ನನಗೆ ಒಪ್ಪಿಸಿ ಅವರು ಮನೆಗೆ ಹೋಗಬೇಕು. ಸರಿಯಾಗಿ ಒಪ್ಪಿಸಿದರೆ ಮಾತ್ರ ಪರಿಹಾರದ ಹಣ ಪೂರ್ತಿ ಕೈಸೇರುವುದು ಎಂಬ ಷರತ್ತು ಬೇರೆ. ಅವರೊಬ್ಬರ ಸಂಬಳದಲ್ಲಿ ಆಗ ನಮ್ಮಂಥ ನಾಲ್ವರು ಬರುತ್ತಿದ್ದೆವು. ಇದು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಮೊದಲ ವಾರ ಕೇಳಿದ್ದಕ್ಕೆ ಮಾತ್ರ ಉತ್ತರ. ಎರಡನೇ ವಾರ ನಾನೊಂದು ಬಗ್ ಹಿಡಿದೆ. ರಿಫ್ರೆಶ್ (ಮೆಮೊರಿ ತನ್ನಲ್ಲಿರುವುದನ್ನು ಮರೆಯದಂತೆ ಆಗಾಗ ಚೇತರಿಸುವುದು) ಮತ್ತು ರೈಟ್ (ಹೊಸದನ್ನು ಬರೆಯುವುದು) ಎರಡೂ ಒಂದೇ ಹೊತ್ತಿಗೆ ಬಂದರೆ ರೈಟ್ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಸಂಜೆ ಏಳಾದರೂ ಏಳಲಿಲ್ಲ. ಮಾರನೇ ದಿನ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಹನ್ನೊಂದು ವರ್ಷದಲ್ಲಿ ಸಿಕ್ಕ ಬಗ್‌ಗಳು, ಪ್ರತಿಯೊಂದರ ಎದುರು ಡಿಸೈನ್ ಮಾಡಿದವನು ಆಗ ಏನೆಂದುಕೊಂಡು ಆ ತಪ್ಪು ಮಾಡಿರಬಹುದು ಎಂಬ ಟಿಪ್ಪಣಿ. ಕಂಪನಿಯ ಯಾವ ಡಾಕ್ಯುಮೆಂಟಿನಲ್ಲೂ ಇಲ್ಲದ ವಿದ್ಯೆ ಅದು.

ಕಡೆಯ ದಿನ ಊಟಕ್ಕೆ ಕರೆದುಕೊಂಡು ಹೋದರು. ನನಗೆ ತಿನ್ನಲು ಸಿಕ್ಕಿದ್ದು ಹುರಿದ ಆಲೂಗಡ್ಡೆ ಒಂದೇ. ‘ನನ್ನದು ಹೇಗೋ ನಡೆಯುತ್ತದೆ. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾನು ಇಪ್ಪತ್ಮೂರನೇ ವಯಸ್ಸಿನಲ್ಲಿ ಬಂದು ಕೂತ ಜಾಗವೇ ಈ ಕಟ್ಟಡದಲ್ಲಿ ಈಗಿಲ್ಲ’ ಎಂದರು. ನಾನು ಆಲೂಗಡ್ಡೆ ನೋಡುತ್ತ ಕೂತೆ.

ಆ ಮಾತಿನಷ್ಟರ ಮಟ್ಟಿಗೆ ಅವರ ಸಿಟ್ಟು ನ್ಯಾಯ ಎಂದೇ ನನ್ನ ಅಭಿಪ್ರಾಯ. ಹೊಸಬರು ಕಲಿಯುವ ಕೆಲಸವೇ ಮೊದಲು ಹೊರಡುತ್ತದೆ. ಟೆಸ್ಟ್ ಬರೆಯುವುದು, ಬಗ್ ಹುಡುಕುವುದು, ಹಳೆಯ ಡಿಸೈನನ್ನು ಹೊಸ ಪ್ರಾಸೆಸ್‌ಗೆ, ಅಂದರೆ ತಯಾರಿಕೆಯ ಹೊಸ ವಿಧಾನಕ್ಕೆ, ತರುವುದು. ‘ಕಡಿಮೆ ಬೆಲೆಯ ಕೆಲಸ ತಾನೇ’ ಎಂದು ಕಳಿಸಿಬಿಡುತ್ತಾರೆ. ಹದಿನೈದು ವರ್ಷದ ನಂತರ, ಇಡೀ ಚಿಪ್ಪಿನ ನಕ್ಷೆ ಹಾಕುವ ಆರ್ಕಿಟೆಕ್ಟ್ ಬೇಕೆಂದು ಹುಡುಕಿದರೆ, ಆರ್ಕಿಟೆಕ್ಟ್ ಆಗಬಹುದಾಗಿದ್ದವನು ಆ ಊರಿನಲ್ಲಿ ಆ ಕೆಲಸಕ್ಕೇ ಸೇರಿರುವುದಿಲ್ಲ. ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ಆಂಡಿ ಗ್ರೋವ್ 2010ರಲ್ಲೇ ಕಾರ್ಖಾನೆಗಳ ವಿಷಯದಲ್ಲಿ ಇದನ್ನು ಬರೆದಿದ್ದರು: ಇವತ್ತಿನ ಮಾಮೂಲಿ ಸರಕನ್ನು ಬಿಟ್ಟುಕೊಟ್ಟವರು ನಾಳೆಯ ಹೊಸ ಉದ್ಯಮದ ಹೊರಗೆ ನಿಲ್ಲಬೇಕಾಗುತ್ತದೆ ಎಂದು. ವಿನ್ಯಾಸಕ್ಕೂ ಅದು ನಿಜ. ಆದರೆ ಆ ಸಿಟ್ಟನ್ನು ಬೆಂಗಳೂರಿನ ಹುಡುಗರ ಮೇಲೆ ತೀರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯಾವ ಕೆಲಸ ಎಲ್ಲಿ ನಡೆಯಬೇಕೆಂದು ಗೆರೆ ಎಳೆದವರು ಅದೇ ಮ್ಯಾಸಚೂಸೆಟ್ಸ್ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು, ನಾವಲ್ಲ.

ಹಾಗಾದರೆ ನಾವು ಗೆದ್ದೆವೇ? ನಮ್ಮ ತಂದೆ ದೂರವಾಣಿನಗರದ ಐಟಿಐನಲ್ಲಿದ್ದವರು. ನಮ್ಮ ಮೊದಲ ಚಿಪ್ ಮಾರುಕಟ್ಟೆಗೆ ಬಂದಾಗ ಮನೆಗೆ ತಂದು ತೋರಿಸಿದೆ. ಕನ್ನಡಕ ಏರಿಸಿ ತಿರುಗಿಸಿ ನೋಡಿ, ‘ಎಲ್ಲಿ ಮಾಡಿದ್ದು ಇದು?’ ಅಂದರು. ತೈವಾನಿನಲ್ಲಿ ಅಂದೆ. ‘ಮೇಲೆ ಹೆಸರು ಯಾರದ್ದು?’ ಕಂಪನೀದು. ‘ನೀನು ಮಾಡಿದ್ದೇನು ಮತ್ತೆ?’ ಅಂದರು. ಕೊಂಕಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು.

ಒಳಗಿನ ಲೆಕ್ಕ ಇಷ್ಟು. ಇಲ್ಲಿನ ಸೆಂಟರ್ ಕಾಗದದ ಮೇಲೆ ಬೇರೊಂದು ಭಾರತೀಯ ಕಂಪನಿ. ನಮ್ಮ ಸಂಬಳ, ಬಾಡಿಗೆ, ಕ್ಯಾಬು, ಕಾಫಿ ಎಲ್ಲ ಕೂಡಿಸಿ, ಮೇಲೆ ಇಷ್ಟು ಪರ್ಸೆಂಟ್ ಲಾಭ ಹಾಕಿ ಮಾತೃ ಕಂಪನಿಗೆ ಬಿಲ್ ಕಳಿಸುತ್ತದೆ. ತೆರಿಗೆ ಇಲ್ಲಿ ಕಟ್ಟುವುದು ಆ ಪರ್ಸೆಂಟಿನ ಮೇಲೆ. ಚಿಪ್ ಗೆದ್ದು ಕೋಟಿಗಟ್ಟಲೆ ಮಾರಾಟವಾದರೂ ಬಿಲ್ಲಿನ ಮೊತ್ತ ಬದಲಾಗುವುದಿಲ್ಲ, ಸೋತರೂ ಇಲ್ಲ. ಪೇಟೆಂಟಿನಲ್ಲಿ ಆವಿಷ್ಕರಿಸಿದವರ ಜಾಗದಲ್ಲಿ ನನ್ನ ಹೆಸರು, ಪಕ್ಕದಲ್ಲಿ ‘ಬೆಂಗಳೂರು’ ಎಂದಿರುತ್ತದೆ, ಒಡೆತನ ಅಲ್ಲಿಯದು. ನನ್ನ ಎರಡು ಪೇಟೆಂಟ್ ಫಲಕಗಳು ಷೋಕೇಸಿನಲ್ಲಿ ಮೈಸೂರಿನ ಶ್ರೀಗಂಧದ ಗಣಪತಿಯ ಪಕ್ಕ ಕೂತಿವೆ. ಗಣಪತಿಯಾದರೂ ನನ್ನದು.

ಹಾಗಂತ ಇಲ್ಲಿ ನಡೆಯುವುದು ಬರೀ ಕೂಲಿ ಎನ್ನುವವರ ಮಾತೂ ಪೊಳ್ಳು. ಇಂಟೆಲ್‌ನ ಆರು ಕೋರಿನ ಡನ್ನಿಂಗ್‌ಟನ್ ಪ್ರಾಸೆಸರ್ 2008ರಲ್ಲಿ ಬಂತು, 190 ಕೋಟಿ ಟ್ರಾನ್ಸಿಸ್ಟರಿನದು, ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. ಕೈ ಪಳಗಿದೆ, ತಲೆಯೂ ಇದೆ. ಏನು ಮಾಡಬೇಕು, ಯಾರಿಗೆ ಮಾರಬೇಕು, ಯಾವುದನ್ನು ಕೈಬಿಡಬೇಕು ಎಂಬ ಮಾತುಕತೆಗೆ ಮಾತ್ರ ನಮ್ಮನ್ನು ಕರೆಯುವುದು ಅಪರೂಪ. ಗಿರಾಕಿ ಇರುವುದು ಅಲ್ಲಿ, ಅವನ ಜೊತೆ ಊಟ ಮಾಡುವವರೂ ಅಲ್ಲಿ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು 2023ರಲ್ಲಿ. ನಮ್ಮ ತಂಡದ ಅರ್ಧ ಕೆಲಸವನ್ನು ಮಲೇಷ್ಯಾದ ಪೆನಾಂಗ್‌ಗೆ ಕೊಟ್ಟರು. ಒಂದು ಗುರುವಾರ ಸಂಜೆಯ ಕಾಲ್‌ನಲ್ಲಿ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಿದರು. ಕೆಟಿ ಕೊಡುವ ಸರದಿ ನನ್ನದು. ನನ್ನ ಕೆಲಸ ಹೋಗಲಿಲ್ಲ, ಬೇರೆ ಪ್ರಾಜೆಕ್ಟಿಗೆ ಹಾಕಿದರು, ಆದರೆ ನಾಲ್ವರು ಹುಡುಗರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಬೇಕಾಯಿತು. ಪೆನಾಂಗ್‌ನ ಹುಡುಗಿಯೊಬ್ಬಳು ವಿಡಿಯೋದಲ್ಲಿ ಕೇಳಿದ್ದಕ್ಕೆಲ್ಲ ಮೊದಲ ವಾರ ನಾನೂ ಕೇಳಿದಷ್ಟಕ್ಕೇ ಉತ್ತರ ಕೊಡುತ್ತಿದ್ದೆ. ಆಮೇಲೆ ಆ ನೋಟ್‌ಬುಕ್ ನೆನಪಾಯಿತು. ಹಾಳೆ ಹಾಳೆ ಸ್ಕ್ಯಾನ್ ಮಾಡಿ ಕಳಿಸಿದೆ, ಕೊನೆಯಲ್ಲಿ ನಾನು ಸೇರಿಸಿದ್ದ ನಲವತ್ತು ಪುಟವನ್ನೂ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಆಫರ್ ಬಂದರೆ ಸೇರಿ, ಯೋಚಿಸಬೇಡಿ. ಮೊದಲ ಐದು ವರ್ಷ ಅಲ್ಲಿ ಕಲಿಯುವಷ್ಟನ್ನು ನಿಮಗೆ ಬೇರೆಲ್ಲೂ ಸಂಬಳ ಕೊಟ್ಟು ಕಲಿಸುವುದಿಲ್ಲ. ಇಂಟರ್‌ವ್ಯೂ ಮುಗಿದ ಮೇಲೆ ‘ನಿಮಗೇನಾದರೂ ಕೇಳುವುದಿದೆಯಾ’ ಅನ್ನುತ್ತಾರಲ್ಲ, ಆಗ ಎಲ್ಲರಂತೆ ವರ್ಕ್ ಕಲ್ಚರ್ ಬಗ್ಗೆ ಕೇಳಬೇಡಿ. ಕಳೆದ ಎರಡು ವರ್ಷದಲ್ಲಿ ಈ ಸೈಟಿನವರು ಹೇಳಿದ್ದರಿಂದ ಸ್ಪೆಕ್‌ನಲ್ಲಿ, ಅಂದರೆ ಚಿಪ್ ಏನೇನು ಮಾಡಬೇಕೆಂದು ಬರೆದಿಟ್ಟ ಪಟ್ಟಿಯಲ್ಲಿ, ಏನು ಬದಲಾಯಿತು ಎಂದು ಕೇಳಿ. ಮ್ಯಾನೇಜರ್ ಥಟ್ಟನೆ ಒಂದು ಉದಾಹರಣೆ ಕೊಟ್ಟರೆ ಒಳ್ಳೆಯ ಜಾಗ. ‘ಒಳ್ಳೆ ಪ್ರಶ್ನೆ’ ಎಂದು ನೀರಿನ ಬಾಟಲಿಗೆ ಕೈ ಹಾಕಿದರೆ, ಆಗಲೂ ಸೇರಿ. ಆದರೆ ಮೊದಲ ದಿನವೇ ಒಂದು ನೋಟ್‌ಬುಕ್ ಕೊಂಡುಕೊಳ್ಳಿ.